ಅಮಾಸೆ ಲೆಕ್ಕದ ಕಾರ್ನಿವಲ್

ಬೈತಖೋಲ, ಕಾರವಾರ
೨೩ ಫೆಬ್ರುವರಿ ೨೦೦೭

ಲತಾ,

ನಾನು ಕ್ಷೇಮ ಇಲ್ಲ. ನೀನು ಕ್ಷೇಮವಾಗಿದ್ದೀ ಅಂತ ಮೀನುಪೇಟೆಯಲ್ಲಿ ಗೊತ್ತಾಯ್ತು.

ನಿನ್ನೆ ನಿನ್ನ ನಾದಿನಿ ಪ್ರೇಕ್ಷಾ ಬಂಗಡೆ ತಕ್ಕೊಳ್ಳೂಕೆ ನನ್ನ ಹತ್ರ ಬಂದಿದ್ಲು. ಚೌಕಾಸಿ ಮಾಡ್ತಾ ಮಾಡ್ತಾ, "ಹೀರಕ್ಕ, ನೀವು ಪಣಜಿಗೆ ಹೋಗ್ಲಿಲ್ವಾ? ನಮ್ಮ ಲತಾ ವೈನಿ ಶನಿವಾರ ಕಾರ್ನಿವಲ್ ನೋಡ್ಕಂಡು ಬಂದ್ರಲ್ಲ, ಕೈಗಾದ ಗೆಳತಿ ಜೊತೆ" ಅಂದ್ಲು. ನನ್ನ ಕೈಯಲ್ಲಿ ಕತ್ತಿ ಇತ್ತು. ಬಂಗಡೆಯ ತಲೆ ಜೊತೆ ಅರ್ಧ ಮೈಯೂ ಹೋಯ್ತು. ಅವಳಿಗೆ ಬೇರೆ ಬಂಗಡೆ ಕೊಟ್ಟು ಕಳಿಸಿದೆ.

ಪಣಜಿ ಕಾರ್ನಿವಲ್ ಯಾರದ್ದು ಲತಾ? ಟೇಲರಿಂಗ್ ಕ್ಲಾಸಿನಲ್ಲಿ ಒಂದೇ ಮಶಿನಿಗೆ ನಾವಿಬ್ಬರು ಕೂತ ದಿನದಿಂದ ಅದು ನಮ್ಮಿಬ್ಬರದ್ದು. ವರ್ಷಕ್ಕೊಂದು ಪೇಟೆ ನೋಡೂದು, ಅದೂ ಆ ಪೇಟೆಯ ಹಬ್ಬದ ದಿನವೇ ನೋಡೂದು, ಈ ಪದ್ಧತಿ ಹಾಕಿದ್ದು ನಾನು. ಮೊದಲ ಸಲ ಮಳೆಗಾಲದಲ್ಲಿ ಮೈಸೂರಿಗೆ ಹೋಗಿ, ಖಾಲಿ ರಸ್ತೆ ನೋಡಿ, ಕೊಡೆ ಕಳ್ಕಂಡು ಬಂದ್ವಲ್ಲ, ಆಗಲೇ ಹೇಳಿದ್ದೆ, ಹಬ್ಬ ಇಲ್ಲದಾಗ ಪೇಟೆಗೆ ಹೋಗೂದು ಅಂದ್ರೆ ಯಜಮಾನಿ ಇಲ್ಲದ ಮನೆಗೆ ಹೋದ ಹಾಗೆ ಅಂತ. ಮುಂದಿನ ವರ್ಷ ದಸರೆಗೇ ಹೋದ್ವಿ. ಆಮೇಲೆ ಮಂಗಳೂರು, ಹಂಪಿ. ಮೀನು ಲಾರಿ ಡ್ರೈವರುಗಳನ್ನ ಕೇಳಿ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದವರನ್ನ ಕೇಳಿ ತಾರೀಖು ತಂದವಳು ನಾನು. ನೀನು ಚಪಾತಿ ಕಟ್ಕಂಡು ಬಂದವಳು.

ಎಲ್ಲಕ್ಕಿಂತ ಹತ್ತಿರದ ಪಣಜಿಯೇ ಉಳೀತು. ಮೊದ್ಲು ಅತ್ತೆ ಹಾಸಿಗೆ ಹಿಡಿದ್ರು. ಈಗ ಅವರು ಹೋಗಿದ್ದಾರೆ, ವರ್ಷಾಂತಿಕ ಆಗೂ ತನಕ ನಮ್ಮ ಮನೆಗೆ ಹಬ್ಬ ಇಲ್ಲ, ಮೆರವಣಿಗೆ ನೋಡೂದು ಇಲ್ಲ. ಇದು ನಿನಗೆ ಗೊತ್ತಿಲ್ಲದ್ದಲ್ಲ, ಹನ್ನೆರಡನೇ ದಿನ ನೀನೇ ಬಂದು ಬಡಿಸಿದ್ದೆ. ಒಂದು ವರ್ಷ ಕಾಯೂಕೆ ಆಗ್ಲಿಲ್ವಾ?

ಫೋನು ಮಾಡಬೇಡ. ಫೋನು ನಡುಮನೇಲಿ ಇದೆ, ಇವರು ಅಲ್ಲೇ ಬಲೆ ಹೊಲೀತಾ ಕಿವಿ ಕೊಟ್ಕಂಡು ಕೂತಿರ್ತಾರೆ. ಬಾಯ್ತುಂಬ ಬೈಯೂಕೆ ಆಗೂದಿಲ್ಲ. ಕಾಗದ ಬರೆ.

ಕಾರವಾರದಲ್ಲೇ ಇರುವ,
ಹೀರಾ


ಕೈಗಾ ಟೌನ್‌ಶಿಪ್, ಮಲ್ಲಾಪುರ
೬ ಮಾರ್ಚ್ ೨೦೦೭

ಪ್ರೀತಿಯ ಹೀರಾ,

ನಿನ್ನ ಕಾಗದ ಬಂದ ದಿನ ಅನ್ನ ಸೀದುಹೋಯಿತು. ಇವರು ಕೇಳಿದರು, "ಯಾರ ಕಾಗದ, ಹೀರಕ್ಕನದಾ?" ಹೌದು ಅಂದೆ. ಮತ್ತೆ ಅನ್ನದ ಬಗ್ಗೆ ಏನೂ ಕೇಳಲಿಲ್ಲ.

ಪ್ರಗತಿ ನಮ್ಮ ಪಕ್ಕದ ಕ್ವಾರ್ಟರ್ಸಿನವಳು. ಕುಮಟೆ ಕಡೆಯವಳು, ಅವಳ ಗಂಡನೂ ನಮ್ಮವರೂ ಸ್ಥಾವರದಲ್ಲಿ ಒಂದೇ ಶಿಫ್ಟು. ಅವಳ ಮನೆಯಲ್ಲಿ ಕಂಪ್ಯೂಟರ್ ಇದೆ, ಇಂಟರ್‌ನೆಟ್ಟೂ ಇದೆ. ಪೇಟೆಯ ಹೆಸರು ಒತ್ತಿ ತಿಂಗಳು ಒತ್ತಿದರೆ ಸಾಕು, ಆ ತಿಂಗಳು ಅಲ್ಲಿ ಯಾವ ಹಬ್ಬ, ಮೆರವಣಿಗೆ ಯಾವ ರಸ್ತೆಯಲ್ಲಿ, ಎಲ್ಲಿ ನಿಂತರೆ ನೆರಳು, ಎಲ್ಲ ಬರುತ್ತದೆ. ಶುಕ್ರವಾರ ಸಂಜೆ ಬಂದು, ನಾಳೆ ಪಣಜಿಗೆ ಬರ್ತೀಯಾ ಅಂದಳು. ಹೂಂ ಅಂದುಬಿಟ್ಟೆ.

ನಿನಗೆ ಹೇಳಬೇಕು ಅನಿಸಿತ್ತು. ಹೇಳಿದ್ದರೆ ನೀನು "ಹೋಗು ಹೋಗು" ಅನ್ನುತ್ತಿದ್ದೆ, ಆಮೇಲೆ ವರ್ಷವಿಡೀ ಮೀನಿನ ಜೊತೆ ಅದನ್ನೂ ತೂಗುತ್ತಿದ್ದೆ. ಹೇಳದೇ ಹೋದದ್ದು ತಪ್ಪು. ಆದರೆ ಹೀರಾ, ನಿನ್ನ ಕಾಗದದಲ್ಲಿ ಬೇಜಾರಿಗಿಂತ ಹೊಟ್ಟೆಕಿಚ್ಚು ಹೆಚ್ಚಿದೆ. ಅದನ್ನ ಅತ್ತೆಯ ಸೂತಕದ ಹಿಂದೆ ಯಾಕೆ ಅಡಗಿಸುತ್ತೀ?

ಅಲ್ಲಿ ಬೀದಿಯಲ್ಲಿ ಕಾಗದದ ಮುಖವಾಡ ಮಾರುತ್ತಿದ್ದರು. ನಿನಗೂ ಒಂದು ತಂದಿದ್ದೇನೆ, ನವಿಲಿನ ಗರಿ ಅಂಟಿಸಿದ್ದು. ಪ್ರೇಕ್ಷಾ ಕೈಯಲ್ಲಿ ಕಳಿಸಿದ್ದೇನೆ. ಆರಿಸಿದ್ದು ನಾನೇ, ಪ್ರಗತಿ ಅಲ್ಲ.

ನಿನ್ನ,
ಲತಾ


ಬೈತಖೋಲ
೨೦ ಮಾರ್ಚ್ ೨೦೦೭

ಲತಾ,

ಮುಖವಾಡ ಬಂತು. ಅಂಗಳದಲ್ಲಿ ತಾರ್ಲೆ ಮೀನು ಒಣಗೂಕೆ ಹಾಕಿದ್ದೆ, ಕಾಗೆ ಕಾಟ. ಕೋಲಿಗೆ ಮುಖವಾಡ ಕಟ್ಟಿ ನಡುವೆ ನಿಲ್ಲಿಸಿದೆ. ಈಗ ಕಾಗೆ ಹತ್ತಿರ ಸುಳಿಯೂದಿಲ್ಲ. ನಿನ್ನ ಗೆಳತಿಗೆ ಉಪಕಾರ ಆಯ್ತು ಅಂತ ಹೇಳು.

ಹೌದು, ಹೊಟ್ಟೆಕಿಚ್ಚೇ. ಅದರಲ್ಲಿ ನಾಚಿಕೆ ಎಂತದು? ಗಂಡ ಇನ್ನೊಬ್ಬಳನ್ನ ನೋಡಿದ್ರೆ ಊರೇ ಸೇರಿ ಬೈತದೆ. ಗೆಳತಿ ಇನ್ನೊಬ್ಬಳ ಜೊತೆ ಬಸ್ಸು ಹತ್ತಿದ್ರೆ ಯಾರ ಹತ್ರ ಹೇಳೂದು? ರಸ್ತೆ ಬದಿ ನೀನು ನಿಂತದ್ದು, ಪಕ್ಕದಲ್ಲಿ ಅವಳು ನಿಂತದ್ದು, ಅವಳ ಡಬ್ಬಿಯಿಂದ ನೀನು ತಿಂದದ್ದು, ಇದೇ ಕಣ್ಣ ಮುಂದೆ ಬರ್ತದೆ. ಅವಳು ಎಂತ ತಂದಿದ್ಲು ತಿನ್ನೂಕೆ? ಬರೀಬೇಡ, ಬೇಡ.

ಈಗ ಕೇಳು. ಆಗಸ್ಟಿಗೆ ನಮ್ಮ ವರ್ಷಾಂತಿಕ ಮುಗೀತದೆ. ಮುಂದಿನ ಕಾರ್ನಿವಲ್ ನನ್ನದು. ತಾರೀಖಿಗೆ ಯಾರ ಕಂಪ್ಯೂಟರೂ ಬೇಡ. ನಮ್ಮ ಓಣಿಯ ರೋಷನ ಗೊತ್ತಲ್ಲ, ಪಣಜಿ ಬಸ್ಸಿಗೆ ಕಂಡಕ್ಟರ್. ಅವನನ್ನ ಕೇಳಿ ಕ್ಯಾಲೆಂಡರ್ ಎದುರಿಗೆ ಇಟ್ಕಂಡು ಕೂತೆ. ಈ ವರ್ಷ ಶುಕ್ರವಾರ ಶಿವರಾತ್ರಿ, ಮರುದಿನ ಕಾರ್ನಿವಲ್. ಹೋದ ವರ್ಷ ಭಾನುವಾರ ಶಿವರಾತ್ರಿ, ಕಾರ್ನಿವಲ್ಲಿನ ನಾಲ್ಕು ದಿನದ ಒಳಗೇ ಬಂತು. ಅಂದ್ರೆ ಆ ಕ್ರಿಸ್ತಾಂವರೂ ನಮ್ಮ ಹಾಗೇ ಅಮಾಸೆ ನೋಡಿಯೇ ಹಬ್ಬ ಇಡೂದು. ಶಿವರಾತ್ರಿ ಅಮಾಸೆ ಹತ್ತಿರದ ಶನಿವಾರ, ಅಷ್ಟೇ. ದೋಣಿಯವರ ಮನೇಲಿ ಅಮಾಸೆ ಲೆಕ್ಕ ತಪ್ಪಿದ್ರೆ ಭರತಿ ನೀರು ಒಲೆ ತನಕ ಬರ್ತದೆ.

ಮುಂದಿನ ಶಿವರಾತ್ರಿ ಮಾರ್ಚ್ ಆರು. ನಾವು ಎಂಟಕ್ಕೆ ಹೋಗೂದು. ನಾವು ಅಂದ್ರೆ ಇಬ್ಬರು.

ಹೀರಾ


ಶೆಟಗೇರಿ, ಅಂಕೋಲಾ
೭ ಮೇ ೨೦೦೭

ಪ್ರೀತಿಯ ಹೀರಾ,

ಬಂಡಿ ಹಬ್ಬಕ್ಕೆ ಮಾವನ ಮನೆಗೆ ಬಂದೆವು. ಈ ಸಲ ನೀನಿಲ್ಲದೆ ಹಬ್ಬ. ಅಂಗಳದಲ್ಲಿ ನೀನು ಯಾವಾಗಲೂ ಕೂರುವ ಕಟ್ಟೆಯ ಮೇಲೆ ಮಾವಿನಹಣ್ಣು ಹರಡಿದ್ದಾರೆ. ನನ್ನ ಅತ್ತೆ ಎರಡು ಸಲ ಕೇಳಿದರು, ಕಾರವಾರದವಳು ಎಲ್ಲಿ ಅಂತ.

ಬೇರೆಯವರ ಬಾಯಿಂದ ನಿನಗೆ ತಿಳಿಯುವ ಮೊದಲು ನಾನೇ ಬರೆಯುತ್ತೇನೆ. ಪ್ರಗತಿ ಬಂದಿದ್ದಳು. ಬಂಡಿ ಹಬ್ಬ ಅವಳ ಇಂಟರ್‌ನೆಟ್ಟಿನಲ್ಲಿ ಸಿಗಲಿಲ್ಲವಂತೆ. ಅಂಕೋಲಾ ಅಂತ ಒತ್ತಿದರೆ ಬಸ್ಸಿನ ಹೊತ್ತು ಬರುತ್ತದಂತೆ, ಹಬ್ಬ ಬರುವುದಿಲ್ಲ. ಹಾಗಾಗಿ ತಾನೇ ನೋಡಬೇಕು ಅಂದಳು. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಒಳ್ಳೆಯ ಹುಡುಗಿ ಹೀರಾ. ಟೌನ್‌ಶಿಪ್ಪಿನಲ್ಲಿ ಅವಳಿಗೂ ಬೇರೆ ಯಾರೂ ಇಲ್ಲ. ಗಂಡ ರಾತ್ರಿ ಪಾಳಿಗೆ ಹೋದರೆ ದೀಪ ಹಾಕಿಕೊಂಡೇ ಮಲಗುತ್ತಾಳೆ.

ನಿನಗೆ ಕರಿ ಇಶಾಡು ಮಾವು ಕಳಿಸಿದ್ದೇನೆ. ಪ್ರೇಕ್ಷಾ ಬುಧವಾರ ಪೇಟೆಗೆ ತರುತ್ತಾಳೆ. ಹುಲ್ಲಿನಲ್ಲಿ ಇಡು, ಇನ್ನೂ ಎರಡು ದಿನ ಬೇಕು.

ನಿನ್ನ,
ಲತಾ


ಬೈತಖೋಲ
೧೬ ಮೇ ೨೦೦೭

ಲತಾ,

ಹಣ್ಣು ಬಂತು. ನಾನು ತಿನ್ನಲಿಲ್ಲ, ಇವರು ತಿಂದ್ರು. ಒಂದು ಮಾತ್ರ ತಿಂದೆ, ಕೊಳೀತದೆ ಅಂತ. ಸಿಹಿ ಇತ್ತು.

ಆ ಕಟ್ಟೆ ಮೇಲೆ ಅವಳು ಕೂತಿದ್ಲಾ ಇಲ್ವಾ, ಅದೊಂದು ನೀನು ಬರೀಲಿಲ್ಲ. ಮಾವಿನಹಣ್ಣು ಹರಡಿದ್ರು ಅಂತ ಬರೆದಿ. ಹಣ್ಣು ಸರಿಸಿ ಕೂರೂಕೆ ಎಷ್ಟೊತ್ತು ಬೇಕು.

ನನಗೆ ಈಗ ಕೆಲಸ ಬಹಳ. ಮಳೆ ಬರೂ ಮೊದ್ಲು ಒಣಮೀನು ಎಲ್ಲ ಒಳಗೆ ಹಾಕಬೇಕು.

ಹೀರಾ


ಕೈಗಾ ಟೌನ್‌ಶಿಪ್
೧೯ ನವೆಂಬರ್ ೨೦೦೭

ಹೀರಾ,

ಮಳೆಗಾಲ ಮುಗಿಯಿತು, ದೀಪಾವಳಿ ಮುಗಿಯಿತು, ನಿನ್ನ ಕಾಗದ ಇಲ್ಲ. ಆಗಸ್ಟಿನಲ್ಲಿ ನಿನ್ನ ಅತ್ತೆಯ ವರ್ಷಾಂತಿಕಕ್ಕೆ ಬಂದಾಗ ನೀನು ಎಲ್ಲರ ಎದುರು "ಬಾ, ಊಟ ಮಾಡು" ಅಂದದ್ದು ಬಿಟ್ಟರೆ ನನ್ನ ಹತ್ತಿರ ಮಾತಾಡಲಿಲ್ಲ. ನಿನ್ನ ಯಜಮಾನರು, ತುಳಸಿದಾಸ ಭಾವ, ಬಸ್‌ಸ್ಟ್ಯಾಂಡ್ ತನಕ ಬಿಟ್ಟುಹೋದರು. ದಾರಿಯಲ್ಲಿ ಅಂದರು, "ಅವಳು ನಿಮ್ಮ ಮೇಲಿನ ಸಿಟ್ಟು ನನ್ನ ಮೇಲೆ ತೀರಿಸ್ತಾಳೆ, ಬೇಗ ರಾಜಿ ಆಗಿ."

ಕಾರ್ನಿವಲ್ ವಿಷಯ. ಮುಂದಿನ ವರ್ಷ ಬಹಳ ಬೇಗ ಬರುತ್ತದಂತೆ. ಫೆಬ್ರುವರಿ ಎರಡು, ಶನಿವಾರ. ಪ್ರಗತಿ ತೋರಿಸಿದಳು, ನಾನೇ ಕಣ್ಣಾರೆ ಓದಿದೆ. ನಾವು ಮೂವರೂ ಹೋಗೋಣವಾ? ನೀನು ನಡುವೆ ಕೂತುಕೋ. ಅವಳಿಗೆ ನಿನ್ನನ್ನು ನೋಡುವ ಆಸೆ ಇದೆ. ನಾನು ದಿನಾ ನಿನ್ನ ಮಾತೇ ಆಡುತ್ತೇನಂತೆ.

ಲತಾ


ಬೈತಖೋಲ
೪ ಡಿಸೆಂಬರ್ ೨೦೦೭

ಲತಾ,

ದಿನಾ ನನ್ನ ಮಾತು ಅವಳ ಹತ್ರ ಎಂತಕ್ಕೆ ಆಡೂದು? ನನ್ನ ಮಾತು ನನ್ನ ಹತ್ರ ಆಡು.

ಫೆಬ್ರುವರಿ ಎರಡಂತೆ. ಕ್ಯಾಲೆಂಡರ್ ತೆಗೆದು ನೋಡು, ಅದು ಪುಷ್ಯ ಮಾಸ. ಪುಷ್ಯದಲ್ಲಿ ಮದುವೆ ಇಲ್ಲ, ಮನೆ ಒಕ್ಕಲು ಇಲ್ಲ, ಹೊಸ ದೋಣಿ ನೀರಿಗೆ ಇಳಿಸೂದಿಲ್ಲ. ಅಂಥ ತಿಂಗಳಲ್ಲಿ ರಾಜನ ವೇಷ ಹಾಕಿ ಮೆರವಣಿಗೆ ತೆಗೀತಾರಾ? ಯಾರು ಬೇಕಾದ್ರೂ ಎಂತ ಬೇಕಾದ್ರೂ ಒತ್ತಿದ್ರೆ ಬರೂ ಪೆಟ್ಟಿಗೆ ಅದು. ನನ್ನ ಲೆಕ್ಕ ಎರಡು ವರ್ಷ ಕೂಡಿ ಬಂದಿದೆ.

ಮೂವರು ಹೋಗೂದು ಬೇಡ. ಬಸ್ಸಿನಲ್ಲಿ ಇಬ್ಬರ ಸೀಟು ಇರ್ತದೆ, ಮೂವರ ಸೀಟೂ ಇರ್ತದೆ, ಅದು ನನಗೆ ಗೊತ್ತು. ನನ್ನ ಹೊಟ್ಟೆಯಲ್ಲಿ ಮೂರನೆಯವಳಿಗೆ ಜಾಗ ಇಲ್ಲ. ಸಣ್ಣ ಮನಸ್ಸು ಅನ್ನು, ಆಗ್ಲಿ. ಈ ಒಂದು ವರ್ಷ ನಾನು ಮೀನುಪೇಟೆಯಲ್ಲಿ ಕೂತು ಎಷ್ಟು ಜನರಿಗೆ ನಗ್ತಾ ಮೀನು ಕೊಟ್ಟಿದ್ದೇನೆ, ಮನೆಗೆ ಬಂದು ಎಷ್ಟು ಸಲ ಅತ್ತಿದ್ದೇನೆ, ನಿನಗೆ ಗೊತ್ತಾಗೂಕೆ ದಾರಿ ಇಲ್ಲ. ಇವರು ಅತ್ತೆ ನೆನಪಾಯ್ತಾ ಅಂತ ಕೇಳ್ತಾರೆ. ಹೂಂ ಅಂತೇನೆ. ಸತ್ತವರ ಹೆಸರಲ್ಲಿ ನಿನಗಾಗಿ ಅತ್ತಿದ್ದೇನೆ.

ಆರಿಸ್ಕೋ. ಫೆಬ್ರುವರಿ ಎರಡು ಅವಳ ಜೊತೆ, ಇಲ್ಲಾ ಮಾರ್ಚ್ ಎಂಟು ನನ್ನ ಜೊತೆ. ಎರಡೂ ಆಗೂದಿಲ್ಲ. ಅವಳ ಜೊತೆ ಹೋದ್ರೆ ನಾನು ಸಿಟ್ಟು ಮಾಡೂದಿಲ್ಲ, ಕಾಗದ ಬರಿಯೂದೂ ಇಲ್ಲ.

ಹೀರಾ


ಕೈಗಾ ಟೌನ್‌ಶಿಪ್
೨೫ ಜನವರಿ ೨೦೦೮

ಹೀರಾ,

ಮೊನ್ನೆ ಕೂರ್ಮಗಡದ ಜಾತ್ರೆಗೆ ನಿಮ್ಮ ದೋಣಿಗಳೆಲ್ಲ ಹೋದದ್ದು ಪುಷ್ಯದ ಹುಣ್ಣಿಮೆಗೇ ಅಲ್ಲವಾ ಅಂತ ಕೇಳಬೇಕೆಂದಿದ್ದೆ. ಕೇಳುವುದಿಲ್ಲ.

ಮಾರ್ಚ್ ಎಂಟಕ್ಕೆ ಬರುತ್ತೇನೆ. ಬೆಳಿಗ್ಗೆ ಮೊದಲ ಕಂಪನಿ ಬಸ್ಸಿಗೆ ಕಾರವಾರಕ್ಕೆ ಬಂದುಬಿಡುತ್ತೇನೆ. ಚಪಾತಿ ನನ್ನದು. ಒಣ ಸಿಗಡಿ ಚಟ್ನಿ ನಿನ್ನದು, ಖಾರ ಕಡಿಮೆ ಇರಲಿ.

ಲತಾ


ಕೈಗಾ ಟೌನ್‌ಶಿಪ್
೧೪ ಮಾರ್ಚ್ ೨೦೦೮

ಪ್ರೀತಿಯ ಹೀರಾ,

ಆರು ದಿನದಿಂದ ಈ ಕಾಗದ ಬರೆಯುವುದೋ ಬೇಡವೋ ಅಂತ ಇದ್ದೆ. ಬರೆಯದಿದ್ದರೆ ಮತ್ತೆ ಹಳೆಯದೇ ತಪ್ಪಾಗುತ್ತದೆ.

ಕಾರ್ನಿವಲ್ ಆಗಿಹೋಗಿತ್ತು. ಫೆಬ್ರುವರಿ ಎರಡಕ್ಕೇ. ನನಗೆ ಗೊತ್ತಿತ್ತು.

ಆ ದಿನ ಬೆಳಿಗ್ಗೆ ಪ್ರಗತಿ ಸೀರೆ ಉಟ್ಟು ಬಾಗಿಲಿಗೆ ಬಂದಳು. ಬರುವುದಿಲ್ಲ, ಹೀರಾ ಜೊತೆ ಹೋಗುತ್ತೇನೆ ಅಂದೆ. ಯಾವಾಗ ಅಂದಳು. ಮಾರ್ಚ್ ಎಂಟಕ್ಕೆ ಅಂದೆ. ನನ್ನ ಮುಖ ನೋಡಿ, "ಆಗ ಅಲ್ಲಿ ಏನೂ ಇರೋದಿಲ್ಲ ಲತಕ್ಕ" ಅಂದಳು. "ಗೊತ್ತು" ಅಂದೆ. ಅವಳು ಬೇರೆಯವರ ಜೊತೆ ಹೋದಳು. ಬರುವಾಗ ನನಗೊಂದು ಮುಖವಾಡ ತಂದಳು. ಚಿಕ್ಕು ಮರಕ್ಕೆ ಕಟ್ಟಿದ್ದೇನೆ, ಬಾವಲಿ ಬರುವುದಿಲ್ಲ.

ನಿನಗೆ ಹೇಳಿದ್ದರೆ ನೀನು ಅದನ್ನು ಪ್ರಗತಿಯ ಗೆಲುವು ಅನ್ನುತ್ತಿದ್ದೆ. ಹಾಗಾಗಿ ಹೇಳಲಿಲ್ಲ. ನೀನು ಹಸಿರು ಸೀರೆ ಉಟ್ಟು, ಅಬ್ಬಲಿ ಹೂ ಮುಡಿದು ಬಸ್‌ಸ್ಟ್ಯಾಂಡಿನಲ್ಲಿ ನಿಂತದ್ದು ನೋಡಿದಾಗ ಮಾತ್ರ ಹೇಳಿಬಿಡೋಣ ಅನಿಸಿತು. ಬಸ್ಸು ಹತ್ತಿ ನೀನು ಕಿಟಕಿ ಹಿಡಿಯಲು ಹೋದಾಗ ರೋಷನನ ಕಿವಿಯಲ್ಲಿ, "ಮುಗಿದುಹೋದದ್ದು ಅವಳಿಗೆ ಹೇಳಬೇಡ ಮಾರಾಯ" ಅಂದೆ. ಅವನು ತುಟಿ ಕಚ್ಚಿಕೊಂಡು ನಕ್ಕ. ಕಾಳಿ ಸೇತುವೆ ದಾಟುವ ತನಕ ನಗುತ್ತಲೇ ಇದ್ದ. ಅದರಲ್ಲಿ ನಗುವಂಥದ್ದು ಏನಿತ್ತೋ ನನಗೆ ತಿಳಿಯಲಿಲ್ಲ.

ಮಾಂಡವಿ ದಂಡೆಯ ಕಟ್ಟೆಯ ಮೇಲೆ ಕೂತು ನಾವು ಕಾದೆವಲ್ಲ. ಊಟ ಮಾಡಿದೆವು, ಐಸ್‌ಕ್ರೀಮ್ ತಿಂದೆವು, ನೀನು ನಿನ್ನ ಅತ್ತೆಯ ಕೊನೆಯ ದಿನಗಳನ್ನು ಹೇಳಿದೆ, ನಾನು ಇಲ್ಲಿಯವರೆಗೆ ಕೇಳಿರದ ಮಾತು. ಆಮೇಲೆ ಬಣ್ಣದ ಕಾಗದ ಕಟ್ಟಿದ ಟೆಂಪೋ ಮೈಕು ಹಾಕಿಕೊಂಡು ಬಂತು. ಸೀರೆ ಅಂಗಡಿಯ ರಿಯಾಯಿತಿ ಮಾರಾಟದ್ದು. ನೀನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ನಿನ್ನ ಮುಖ ಬಾಡುವುದನ್ನು ನೋಡಲಾರದೆ ನಾನೂ ಎದ್ದು ತಟ್ಟಿದೆ. ಟೆಂಪೋದವ ಹೆದರಿ ಮೈಕು ಸಣ್ಣ ಮಾಡಿದ. ಸಂಜೆ ನೀನು "ಈ ವರ್ಷ ಬೇರೆ ರಸ್ತೆಯಲ್ಲಿ ಹೋಗಿರಬೇಕು" ಅಂದೆ. "ಇರಬೇಕು" ಅಂದೆ.

ಹಬ್ಬ ಇಲ್ಲದ ಪೇಟೆ ನನಗೆ ಚೆನ್ನಾಗಿತ್ತು ಹೀರಾ. ಕಳೆದ ವರ್ಷ ಕಾರ್ನಿವಲ್ಲಿನಲ್ಲಿ ನಾನು ಏನು ನೋಡಿದೆ ಅಂತ ಕೇಳಿದರೆ ಹೇಳಲು ಬರುವುದಿಲ್ಲ. ಈ ಸಲದ್ದು ಎಲ್ಲ ನೆನಪಿದೆ.

ಈಗ ಬೇಕಾದಷ್ಟು ಬೈ.

ನಿನ್ನ,
ಲತಾ


ಬೈತಖೋಲ, ಕಾರವಾರ
೨೦ ಮಾರ್ಚ್ ೨೦೦೮

ಪ್ರೀತಿಯ ಲತಾ,

ನಿನ್ನ ಕಾಗದ ಓದಿ ಒಬ್ಬಳೇ ನಗ್ತಾ ಕೂತಿದ್ದೆ. ಇವರು ಬಲೆ ಬಿಟ್ಟು ಬಂದು ನನ್ನ ಹಣೆ ಮುಟ್ಟಿ ನೋಡಿದ್ರು.

ರೋಷನ ಯಾಕೆ ನಕ್ಕ ಗೊತ್ತುಂಟಾ? ನೀನು ಹೇಳಿದ್ದನ್ನೇ ನಾನೂ ಅವನಿಗೆ ಮೊದ್ಲೇ ಹೇಳಿಟ್ಟಿದ್ದೆ.

ಫೆಬ್ರುವರಿಯಲ್ಲಿ, ಕಾರ್ನಿವಲ್ ಮೆರವಣಿಗೆ ಆದ ಮರು ಸೋಮವಾರ, ಅವನು ಮೀನಿಗೆ ಬಂದವ, "ಹೀರಕ್ಕ, ಶನಿವಾರ ಪಣಜಿಯಲ್ಲಿ ಬಸ್ಸು ಮುಂದೆ ಹೋಗೂಕೆ ಜಾಗ ಇಲ್ಲ, ಎಲ್ಲಿ ನೋಡಿದ್ರೂ ಕಾರ್ನಿವಲ್ ಜನ" ಅಂದ. ನನ್ನ ಲೆಕ್ಕ ಅಲ್ಲೇ ಮುಳುಗಿತು. ಮುಳುಗ್ಲಿ, ಅದಕ್ಕೆ ನಾನು ಅಳಲಿಲ್ಲ. ನೀನು ಅವಳ ಜೊತೆ ಹೋಗಿ ಬಂದಿರ್ತಿ ಅಂತ ಅತ್ತೆ. ಆ ಕಂಪ್ಯೂಟರ್ ಹೇಳಿದ್ದೇ ಖರೆ ಆಯ್ತಲ್ಲ, ಇನ್ನು ನನ್ನ ಹತ್ರ ಎಂತ ಉಂಟು ನಿನಗೆ ಕೊಡೂಕೆ, ತಾರೀಖೂ ಇಲ್ಲ.

ಮುಗೀತು ಅಂತ ನಿನಗೆ ಬರೀಬೇಕಿತ್ತು. ಕಾಗದ, ಪೆನ್ನು ತೆಗೆದೆ. ಬರೆದ್ರೆ ಮಾರ್ಚ್ ಎಂಟಕ್ಕೆ ನೀನು ಬರೂದಿಲ್ಲ. ಬರೂಕೆ ಕಾರಣವೇ ಇಲ್ಲ. ಪೆನ್ನು ಮುಚ್ಚಿಟ್ಟೆ. ರೋಷನನಿಗೆ ಒಂದು ಇಸ್ವಾಣ ಮೀನಿನ ತುಂಡು ಕೊಟ್ಟು, ಲತಾ ಬಸ್ಸು ಹತ್ತಿದ ದಿನ ಬಾಯಿ ಬಿಡಬೇಡ ಅಂದೆ. ನಿನ್ನನ್ನ ಸುಳ್ಳು ಹೇಳಿ ಕರ್ಕಂಡು ಹೋಗಿದ್ದೇನೆ ಅಂತ ಇಡೀ ದಿನ ನಿನ್ನ ಮುಖವನ್ನೇ ಕದ್ದು ನೋಡ್ತಿದ್ದೆ. ಆ ಸೀರೆ ಟೆಂಪೋಗೆ ಚಪ್ಪಾಳೆ ತಟ್ಟಿದ್ದು ಎಂತಕ್ಕೆ ಅಂದ್ಕಂಡೆ? ಪಾಪ, ನಂಬಿ ಬಂದಿದ್ದಾಳೆ, ಅವಳಿಗೆ ಏನಾದ್ರೂ ಕಾಣ್ಲಿ ಅಂತ. ನೀನೂ ಎದ್ದು ತಟ್ಟಿದಾಗ, ಛೆ, ಇವಳಿಗೆ ಸೀರೆ ಟೆಂಪೋ ಯಾವುದು ಕಾರ್ನಿವಲ್ ಯಾವುದು ಗೊತ್ತಾಗೂದಿಲ್ವಾ, ಹೋದ ವರ್ಷ ನೋಡಿದವಳು, ಅಂತ ಗುಮಾನಿ ಬಂತು. ಆದ್ರೂ ಕೇಳೂ ಧೈರ್ಯ ಆಗ್ಲಿಲ್ಲ.

ಅತ್ತೆಯ ಕೊನೆ ದಿನಗಳ ಮಾತು ನಾನು ಯಾರ ಹತ್ರವೂ ಆಡಿರಲಿಲ್ಲ. ಮೆರವಣಿಗೆ ಬಂದಿದ್ರೆ ಅವತ್ತೂ ಆಡ್ತಿರಲಿಲ್ಲ.

ಎಲ್ಲ ಸರಿಯಾಯ್ತು ಅಂತ ತಿಳೀಬೇಡ. ಒಂದು ಇನ್ನೂ ಉರೀತದೆ. ನನ್ನ ಜೊತೆ ಏನೂ ಇಲ್ಲದ ಪೇಟೆಗೆ ಬರ್ತೇನೆ ಅಂತ ನೀನು ಹೇಳಿದ್ದು ಮೊದ್ಲು ಅವಳಿಗೆ. ನನಗಿಂತ ಆರು ವಾರ ಮೊದ್ಲು ಆ ಮಾತು ಅವಳು ಕೇಳಿದ್ಲು. ಅಂಥ ಮಾತು ನನ್ನ ಜನ್ಮದಲ್ಲಿ ನನಗೆ ಒಂದೇ ಸಲ ಸಿಕ್ಕಿದ್ದು, ಅದೂ ಅವಳ ಕೈ ದಾಟಿ ಬಂತು.

ಇರ್ಲಿ. ಮುಂದಿನ ವರ್ಷ ಕಾರ್ನಿವಲ್ ಯಾವಾಗ ಅಂತ ಪ್ರಗತಿ ಹತ್ರ ಕೇಳಿಡು. ತಾರೀಖು ಮಾತ್ರ.

ನಿನ್ನ,
ಹೀರಾ